ದೂರದಿಂದ ಬಂದ ತಂಡಕ್ಕೆ ಕೂಗುತ್ತಿದ್ದ ಮಿಷಿನ್ ಅಣ್ಣ

ಮಿಷಿನ್ ಅಣ್ಣನ ಹುಬ್ಬು, ಕಿವಿಯ ಕೂದಲು, ಮೂಗಿನ ತುದಿ ಎಲ್ಲವೂ ರಾಗಿಹಿಟ್ಟು ಕೂತು ಬೂದುಬಣ್ಣಕ್ಕೆ ತಿರುಗಿರುತ್ತಿದ್ದವು. ಕೊನೆಯ ವರ್ಷ ಆ ಹಿಟ್ಟು ಹೋಯಿತು, ಕುತ್ತಿಗೆಯ ನಡುವೆ ಒಂದು ತೂತು ಬಂತು. ಅದರ ಮೇಲೆ ಒದ್ದೆಮಾಡಿದ ಬಿಳಿ ಬಟ್ಟೆ ಕಟ್ಟಿಕೊಳ್ಳುತ್ತಿದ್ದರು. ಉಸಿರಾಡಿದಾಗಲೆಲ್ಲ ಬಟ್ಟೆ ಒಳಕ್ಕೆ ಹೋಗಿ ಹೊರಕ್ಕೆ ಬರುತ್ತಿತ್ತು. ಮಾತನಾಡುವವರ ಕಣ್ಣೆಲ್ಲ ಅಲ್ಲಿಗೇ ಹೋಗುತ್ತಿತ್ತು.

ನಮ್ಮೂರು ಜಡಿಗೇನಹಳ್ಳಿ ಕಡೆ. ಪಕ್ಕದ ಮನೆಯವರಾದ ಅಣ್ಣ ರಾಗಿ ಬೀಸುವ ಮಿಷಿನ್ ಇಟ್ಟಿದ್ದರು. ಅದರ ಸದ್ದಿನ ಮೇಲೆ ಮಾತಾಡಿ ಮಾತಾಡಿ ಗಂಟಲು ಅಷ್ಟು ದೊಡ್ಡದಾಗಿತ್ತು. ಒಳಗೆ ನಿಂತು "ನುಣ್ಣಗೆ ಬೇಕಾ, ತರಿ ಬೇಕಾ?" ಅಂದರೆ ಬಸ್ಸಿಗೆ ಕಾಯುತ್ತಿದ್ದವರು ತಿರುಗಿ ನೋಡುತ್ತಿದ್ದರು. ಭಾನುವಾರ ಮಾತ್ರ ಮಿಷಿನ್‌ಗೆ ಬೀಗ. ಹೊಸಕೋಟೆ, ದೇವನಹಳ್ಳಿ, ನೆಲಮಂಗಲ, ಎಲ್ಲಿ ಕಬಡ್ಡಿ ನಡೆದರೂ ಇವರು ಹಾಜರು. ಮೈದಾನಗಳನ್ನು ನೆಂಟರ ಮನೆಗಳ ಹಾಗೆ ನೆನಪಿಟ್ಟುಕೊಂಡಿದ್ದರು. "ದೇವನಹಳ್ಳಿ ಮಣ್ಣು ಮೆತ್ತಗದೆ. ನೆಲಮಂಗಲದಲ್ಲಿ ಬಿದ್ರೆ ಮಂಡಿ ಚರ್ಮ ಅಲ್ಲೇ ಬಿಟ್ಟು ಬರ್ಬೇಕು. ನಲ್ಲೂರ ಕಡೆ ಹುಣಸೆ ನೆರಳಲ್ಲಿ ಕೂತ್ಕಂಡು ನೋಡ್ದೋರಿಗೆ ಬೇರೆ ಕಡೆ ಬಿಸ್ಲು ತಡೆಯಲ್ಲ" ಎನ್ನುತ್ತಿದ್ದರು.

ಅವರಿಗೊಂದು ಪದ್ಧತಿ ಇತ್ತು. ಮೈದಾನಕ್ಕೆ ಕಾಲಿಟ್ಟ ಕೂಡಲೇ, "ಇವತ್ತು ಎಲ್ಲರಿಗಿಂತ ದೂರದಿಂದ ಬಂದಿರೋರು ಯಾರಪ್ಪಾ?" ಎಂದು ಕೇಳುವುದು. ಆಮೇಲೆ ಆ ತಂಡದ ಪಕ್ಕ ಹೋಗಿ ಕೂತು, ಸಂಜೆವರೆಗೂ ಅವರಿಗೇ ಕೂಗುವುದು. ನಮ್ಮೂರಲ್ಲೇ ಪಂದ್ಯ ನಡೆದಾಗಲೂ ಹಾಗೆಯೇ. ನಮ್ಮ ಹುಡುಗರು ಸಿಟ್ಟಾದರು. "ಏನಣ್ಣ, ನಮ್ಮೂರ ರಾಗಿ ಬೀಸಿ ಬದುಕ್ತೀಯ, ಅವರಿಗೆ ಕೂಗ್ತೀಯಲ್ಲ?"

"ನಿಮಗೆ ಊರೇ ಕೂಗ್ತೈತೆ ಕಣ್ರಲಾ. ಪಾಪ, ಅವರಿಗೆ ಯಾರವ್ರೆ? ಬಸ್ ಡ್ರೈವರ್ ಕೂಗ್ತಾನಾ?"

ನನ್ನ ಮೊಮ್ಮಗಳು ಶಾಲೆಯಲ್ಲಿ ಕಬಡ್ಡಿ ಹಿಡಿದಳು. ನನ್ನ ಮಗ ಬೇಡವೆಂದ. "ಹೆಣ್ಮಗ ಚಡ್ಡಿ ಹಾಕ್ಕಂಡು ಊರೂರು ತಿರುಗ್ತದಾ?" ಅಣ್ಣ ಕಾಂಪೌಂಡಿನ ಆ ಕಡೆಯಿಂದಲೇ ಕೂಗಿದರು. "ಅವಳೊಬ್ಬಳೇ ಎಲ್ಲಿ ತಿರುಗ್ತಾಳಲಾ? ನಾನಿದ್ದೀನಿ. ನಿಮ್ಮವ್ವನೂ ಬರ್ತಾಳೆ. ಏನ್ ತಂಗಿ, ಬರ್ತೀಯ ತಾನೆ?" ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಹೊಸಕೋಟೆ ಸಂತೆ ಬಿಟ್ಟರೆ ಬೇರೇನೂ ಕಂಡವಳಲ್ಲ. ಬರುತ್ತೇನೆ ಅಂದುಬಿಟ್ಟೆ. ಅಲ್ಲಿಂದ ಶುರುವಾಯಿತು ನಮ್ಮ ತಿರುಗಾಟ. ಬುತ್ತಿಯಲ್ಲಿ ಚಿತ್ರಾನ್ನ, ಬಸ್ಸಿನ ಕಿಟಕಿ ಪಕ್ಕ ಮೊಮ್ಮಗಳು, ಹಿಂದಿನ ಸೀಟಿನಲ್ಲಿ ಅಣ್ಣನ ಗಂಟಲು.

ನಮ್ಮ ಮೈದಾನದಲ್ಲಿ ಅವಳು ಆಡಿದ ದಿನ ಅವರು ಎದುರಾಳಿಗಳಿಗೇ ಕೂಗಿದರು. ಹುಡುಗಿ ಅತ್ತಳು. ನನಗೂ ಕೋಪ ಬಂತು. ಆದರೆ ನೆಲಮಂಗಲದ ಕಡೆ ಹೋದಾಗ, ಅಷ್ಟು ಜನ ಅವಳನ್ನು ಅಣಕಿಸುವಾಗ, ಒಂದೇ ಒಂದು ಗಂಟಲು "ನುಗ್ಗು ಮಗಾ, ನುಗ್ಗು!" ಎಂದು ಎದ್ದಿತು. ಮೊಮ್ಮಗಳು ತಲೆ ಎತ್ತಿ ನೋಡಿ ನಕ್ಕಳು. ಆ ನಗು ನೋಡಿದ ಮೇಲೆ ನನ್ನ ಕೋಪ ಎಲ್ಲಿ ಹೋಯಿತೋ.

ಆಮೇಲೆ ಅಣ್ಣನ ಗಂಟಲು ಕಟ್ಟಿತು. ಕೂಗಿ ಕೂಗಿ ಹೀಗಾಗಿದೆ ಎಂದು ಎಲ್ಲರೂ ಅಂದುಕೊಂಡೆವು. ಶುಂಠಿ, ಜೇನು, ಕಷಾಯ ಎಂದು ಕಾಲ ಕಳೆಯಿತು. ಬೆಂಗಳೂರಿನ ಆಸ್ಪತ್ರೆಗೆ ಹೋಗುವ ಹೊತ್ತಿಗೆ ಗಡ್ಡೆ ಬಲಿತಿತ್ತು. ಮಾತಿನ ಪೆಟ್ಟಿಗೆಯನ್ನೇ ತೆಗೆದುಹಾಕಿ ಉಸಿರಿಗೆ ಕುತ್ತಿಗೆಯಲ್ಲಿ ದಾರಿ ಮಾಡಿದರು. ಧೂಳು ಒಳಗೆ ಹೋದರೆ ಜೀವಕ್ಕೆ ಕಷ್ಟ, ಮಿಷಿನ್ ಬೇಡ, ಮೈದಾನ ಬೇಡ ಎಂದು ಡಾಕ್ಟರು ಹೇಳಿದರು. ಮಿಷಿನ್ ಮಾರಿದರು. ಅಣ್ಣ ಜಗುಲಿಯಲ್ಲಿ ಕೂತು ರಸ್ತೆ ನೋಡತೊಡಗಿದರು. ಅವರ ತುಟಿ ನೋಡಿ ಮಾತು ಹಿಡಿಯುವುದನ್ನು ಅವರ ಹೆಂಡತಿ, ನಮ್ಮ ಅತ್ತಿಗೆಯೊಬ್ಬರೇ ಕಲಿತಿದ್ದು.

ದೊಡ್ಡಬಳ್ಳಾಪುರದ ಕಡೆ ರಾಜ್ಯದ ತಂಡಕ್ಕೆ ಮೊಮ್ಮಗಳ ಆಯ್ಕೆಯ ಪಂದ್ಯವಿತ್ತು. ಬೆಳಿಗ್ಗೆ ಅಣ್ಣ ಪಂಚೆ ಉಟ್ಟು, ಕುತ್ತಿಗೆಗೆ ಬಟ್ಟೆ ಕಟ್ಟಿ ನಮ್ಮ ಬಾಗಿಲಿಗೇ ಬಂದು ನಿಂತರು. ಹಿಂದೆಯೇ ಅತ್ತಿಗೆ ಓಡಿ ಬಂದರು. "ಸಾಯಕ್ಕೆ ಹೊಂಟಿದ್ದೀಯ? ಹೇಳು ತಂಗಿ, ನೀನಾದ್ರೂ ಹೇಳು." ನಾನು ಹೇಳಿದೆ. ಮಗನೂ ಹೇಳಿದ. ಅಣ್ಣ ಯಾರ ಮಾತನ್ನೂ ಕೇಳದೆ ಹೋಗಿ ಬಸ್ಸಿನಲ್ಲಿ ಕೂತರು. ಅತ್ತಿಗೆ ಅಳುತ್ತಲೇ ಹತ್ತಿದರು.

ಅವರನ್ನು ಕಂಡು ಮೊಮ್ಮಗಳಿಗೆ ಖುಷಿಗಿಂತ ಭಯವೇ ಹೆಚ್ಚಾಯಿತು. ಧೂಳು ಏಳಬಾರದೆಂದು ಅವಳೂ ಅವಳ ಜೊತೆಯ ಹುಡುಗಿಯರೂ ತೊಟ್ಟಿಯಿಂದ ಬಿಂದಿಗೆ ಬಿಂದಿಗೆ ನೀರು ತಂದು ಅವರು ಕೂತ ಮೂಲೆಗೆ ಚೆಲ್ಲಿದರು. ಅಣ್ಣ ಮದುವೆ ಗಂಡಿನ ಹಾಗೆ ಕೂತು ಚಪ್ಪಾಳೆ ತಟ್ಟಿದರು. ಆದರೆ ನೆಲ ಆಟದ ಅಂಕಣದ ಕಡೆಗೆ ಇಳಿಜಾರಾಗಿತ್ತು. ನೀರು ಗೆರೆ ದಾಟಿ ಒಳಗೆ ಹರಿಯಿತು. ಆಡಿಸುವವರು ಬೈದರು. ಕಾಲು ಜಾರದಿರಲೆಂದು ಅವರ ಕಡೆಯವರು ಮರದ ಹೊಟ್ಟಿನ ಚೀಲಗಳನ್ನು ತಂದು ಅಲ್ಲೇ ಸುರಿದರು. ಅದೇ ಹೊತ್ತಿಗೆ ಗಾಳಿ ಬೀಸಿತು.

ಹೊಟ್ಟು ಎದ್ದು ಆ ಮೂಲೆಯನ್ನೆಲ್ಲ ಮುಚ್ಚಿತು. ಬಟ್ಟೆ ಸರಿದಿತ್ತು. ಅಣ್ಣ ಕೆಮ್ಮಿದರು, ಆದರೆ ಬಾಯಿಂದ ಸದ್ದೇ ಇಲ್ಲ. ಕುತ್ತಿಗೆಯಿಂದ ಶಿಳ್ಳೆಯಂಥ ಒಂದು ಸ್ವರ ಬಂತು. ಆಟ ಬಿಟ್ಟು ಓಡಿ ಬಂದ ಮೊಮ್ಮಗಳನ್ನು ಅವರು ಕೈಯಿಂದ ಅಂಕಣಕ್ಕೆ ತಳ್ಳಿದರು. ನಾವು ಅವರನ್ನು ಆಟೋದಲ್ಲಿ ಒಯ್ದೆವು. ಅವಳು ಆಡಿ ಬಂದಳು.

ಆಸ್ಪತ್ರೆಯಲ್ಲಿ ಎದೆಗೆ ಸೋಂಕು ಇಳಿದಿತ್ತು. ಮೊಮ್ಮಗಳು ಮಂಚದ ಕಾಲು ಹಿಡಿದು, "ತಾತ, ನೀರು ಹಾಕಿದ್ದು ನಾನೇ, ಇನ್ಮೇಲೆ ಆಡಲ್ಲ" ಎಂದು ಬಿಕ್ಕಿದಳು. ಅಣ್ಣನ ತುಟಿ ಅಲ್ಲಾಡಿತು. ಅತ್ತಿಗೆ ಬಗ್ಗಿ ನೋಡಿ, "ನಮಗಿಂತ ದೂರದಿಂದ ಬಂದಿದ್ದ ಹುಡುಗೀರು ಚೆನ್ನಾಗಿ ಆಡಿದ್ರು ಅಂತಾವ್ರೆ. ನೋಡು ಇವರ ಬುದ್ಧಿಯ!" ಎಂದರು. ತುಟಿ ಮತ್ತೆ ಅಲ್ಲಾಡಿತು. "ನೀನೂ ಪರವಾಗಿಲ್ವಂತೆ. ಬಿಡಬೇಡ ಅಂತಾವ್ರೆ." ಅಳುತ್ತಿದ್ದವಳಿಗೆ ನಗು ಬಂತು, ನನಗೂ ಬಂತು. ಅತ್ತಿಗೆಗೆ ಬರಲಿಲ್ಲ. ಮರುವಾರ ಅಣ್ಣ ಹೋದರು.

ಈಗ ನನ್ನ ಮೊಮ್ಮಗಳು ರಾಜ್ಯದ ತಂಡಕ್ಕೆ ಆಯ್ಕೆಯಾಗಿದ್ದಾಳೆ! ಈ ಖುಷಿಯನ್ನು ಎಲ್ಲಿ ಇಡಲಿ? ಹಾಲಿನವನಿಗೆ ಹೇಳಿದೆ, ಕಂಡಕ್ಟರಿಗೆ ಹೇಳಿದೆ, ರಾಂಗ್ ನಂಬರ್ ಎಂದವನಿಗೂ ಹೇಳಿದೆ. ಮೈಸೂರು ಪಾಕಿನ ಡಬ್ಬಿ ಹಿಡಿದು ಪಕ್ಕದ ಮನೆಗೂ ಹೋದೆ. ಅತ್ತಿಗೆ ಬಾಗಿಲಲ್ಲೇ ನಿಂತರು. ಒಳಗೆ ಕರೆಯಲಿಲ್ಲ.

"ಅಲ್ಲಿಡು ತಂಗಿ. ಈಗ ತಿನ್ನಕ್ಕಾಗಲ್ಲ."

ಇಟ್ಟೆ. ತಿರುಗುವಾಗ ಕರೆದರು.

"ಅವಳಿಗೆ ಹೇಳು, ಇನ್ನೊಂದಷ್ಟು ದಿನ ನನ್ನ ಕಣ್ಣಿಗೆ ಬೀಳ್ಬೇಡ ಅಂತ. ನನಗೆ ತಡೆಯಲ್ಲ. ಚೆನ್ನಾಗಿ ಆಡ್ಲಿ."

ಎರಡೂ ಮಾತನ್ನು ಮೊಮ್ಮಗಳಿಗೆ ತಲುಪಿಸಿದೆ. ಅವಳು ಈಗ ಬೆಳಿಗ್ಗೆ ಓಡಲು ಹೋಗುವಾಗ ಹಿತ್ತಲ ಬಾಗಿಲಿನಿಂದ ಹೋಗುತ್ತಾಳೆ.