ಅತ್ತೆಯ ಷೇರು ಕೊಳ್ಳಲು ದಳ್ಳಾಳಿ ಬಂದ ದಿನ

೧೯೪೦ರ ಸುಮಾರು. ಪೂರಿಗಾಲಿಯವಳಾದ ನಾನು ಮಂಡ್ಯದ ಗುತ್ತಲಿಗೆ ಸೊಸೆಯಾಗಿ ಬಂದು ವರ್ಷ ತುಂಬಿರಲಿಲ್ಲ. ಯಜಮಾನರ ಅಣ್ಣ, ಭಾವನವರ ಎದುರು ಸೊಸೆ ತುಟಿ ಬಿಚ್ಚುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಬಾಯಿ ಜೋರಿದ್ದ ನನಗೆ ಅದೊಂದು ಶಿಕ್ಷೆಯೇ ಆಗಿತ್ತು.

ಮಾವನವರು ತೀರಿಕೊಂಡ ಮೇಲೆ ಅತ್ತೆ ತಮ್ಮ ಕಾಸಿನ ಸರ ಮಾರಿ ಸಕ್ಕರೆ ಕಾರ್ಖಾನೆಯೊಂದರ ಷೇರು ಕೊಂಡಿದ್ದರು. ತಮ್ಮದು ಎನ್ನಲು ಅವರಿಗಿದ್ದದ್ದು ಅದೊಂದೇ.

ಆ ವರ್ಷ ಕಂಪನಿಗಳು ಲೆಕ್ಕ ತೋರಿಸುವ ಕ್ರಮ ಬದಲಾಯಿತು. ಯಂತ್ರಗಳ ಸವೆತಕ್ಕೆಂದು ಒಂದಿಷ್ಟನ್ನು ವರ್ಷವರ್ಷವೂ ಲಾಭದಲ್ಲಿ ಕಳೆಯಬೇಕಂತೆ. ಅಚ್ಚಾಗಿ ಬಂದ ಲೆಕ್ಕವನ್ನು ಭಾವನವರೇ ಜಗಲಿಯಲ್ಲಿ ಗಟ್ಟಿಯಾಗಿ ಓದಿದ್ದರು. ಲಾಭ ಅರ್ಧಕ್ಕಿಳಿದಿತ್ತು. ಆ ವಾರದ ಸಂತೆ ಮುಗಿಯುವಷ್ಟರಲ್ಲಿ ಯಂತ್ರಗಳೆಲ್ಲ ಹಾಳಾಗಿವೆ, ಕಾರ್ಖಾನೆ ಮುಚ್ಚುತ್ತದೆ ಎಂದು ಸುದ್ದಿ ಹಬ್ಬಿತು. ಬೆಂಗಳೂರಿನಲ್ಲಿ ಷೇರಿನ ಬೆಲೆ ದಿನದಿನಕ್ಕೂ ಕುಸಿಯತೊಡಗಿತು.

ಒಂದು ಬೆಳಿಗ್ಗೆ ಭಾವ ದಳ್ಳಾಳಿಯನ್ನು ಕರೆತಂದರು. ಇವತ್ತು ಮಾರದಿದ್ದರೆ ನಾಳೆ ಕೇಳುವವರೇ ಇರುವುದಿಲ್ಲ ಎಂದು ಆತ ಅವಸರ ಮಾಡಿದ. ಮಾರಾಟದ ಕಾಗದಕ್ಕೆ ಒತ್ತಿಸಲು ಅತ್ತೆಯ ಹೆಬ್ಬೆಟ್ಟಿಗೆ ಮಸಿ ಹಚ್ಚಿದರು. ನಮ್ಮ ಯಜಮಾನರು ಅದೇ ಕಾರ್ಖಾನೆಗೆ ಕಬ್ಬಿನ ಗಾಡಿ ಹೊಡೆದುಕೊಂಡು ಹೋಗಿದ್ದರು. ಬಾಗಿಲ ಮರೆಯಲ್ಲಿದ್ದ ನನಗೆ ತಡೆಯಲಾಗಲಿಲ್ಲ. ಹೊರಗೆ ಬಂದೇಬಿಟ್ಟೆ.

"ಅತ್ತೆಮ್ಮ, ಒಸಿ ತಡೀರಿ. ಒಕ್ಕಣೆ ಆದ್ಮೇಲೆ ನಮ್ಮಪ್ಪ ಎತ್ತಿನ ಪಾಲು ಅಂತ ರಾಗಿ ಬ್ಯಾರೆ ತೆಗೆದಿಡೋರು. ಇರೋ ಎತ್ತಿಗೆ ವಯಸ್ಸಾದ್ಮೇಲೆ ಒಸ ಜೋಡಿ ತರಾಕೆ. ಕಣಜ ಒಸಿ ತಗ್ಗ್ತಿತ್ತು. ಅಂಗಂತ ಎತ್ತೇನು ಸತ್ತೋಗಿರ್ನಿಲ್ಲ. ಕಾರ್ಖಾನೆಯೋರು ಮಾಡಿರೋದೂ ಅದೇಯ."

ಭಾವನವರ ಮುಖ ಕೆಂಪಾಯಿತು. "ನಾಳೆ ಈ ಕಾಗ್ದ ಒಲೆಗಾದ್ರೆ ನೀ ಕಟ್ಕೊಡ್ತೀಯೇನಮ್ಮ?"

ಕಟ್ಟಿಕೊಡಲು ನನ್ನಲ್ಲಿ ಏನಿತ್ತು? ಅತ್ತೆ ನನ್ನನ್ನೊಮ್ಮೆ ನೋಡಿದರು. ಆಮೇಲೆ ಹೆಬ್ಬೆಟ್ಟನ್ನು ಸೆರಗಿಗೆ ಒರೆಸಿಕೊಂಡರು.

"ನನ್ ಸರ, ನನ್ ಷೇರು. ಮುಳುಗಿದ್ರೂ ನಂದೇಯ. ಸೊಸೆ ಮ್ಯಾಲೆ ಯಾರೂ ಮಾತೆತ್ತಕೂಡ್ದು."

ಬೆಲೆ ಇನ್ನೂ ಬಿತ್ತು. ಭಾವ ನನ್ನ ಮುಖ ನೋಡುತ್ತಿರಲಿಲ್ಲ. ನನಗೆ ಅನ್ನ ನೀರು ಸೇರದಾಯಿತು. ಮುಂದಿನ ವರ್ಷ ಲಾಭದ ಪಾಲೂ ಬಂತು, ಬೆಲೆಯೂ ಏರಿತು. ಭಾವ ತಾವೂ ನಾಲ್ಕು ಷೇರು ಕೊಂಡರೆನ್ನಿ.

ಆದರೆ ನನ್ನ ಜೀವಕ್ಕೆ ನೆಮ್ಮದಿಯಾದದ್ದು ಅದಕ್ಕೂ ಮೊದಲೇ. ಬೆಲೆ ತೀರಾ ನೆಲಕಚ್ಚಿದ ದಿನ ಉಣ್ಣದೆ ಮೂಲೆಯಲ್ಲಿ ಕುಳಿತಿದ್ದೆ. ಅತ್ತೆ ಪಕ್ಕಕ್ಕೆ ಬಂದು ತಮ್ಮ ತಟ್ಟೆಯ ಮುದ್ದೆ ಮುರಿದು ನನ್ನ ಕೈಗಿಟ್ಟು, "ಉಣ್ಣು ಕಣವ್ವ, ನೀನೂ ನಂದೇಯ" ಎಂದರು.