ಗಟ್ಟಿಮೇಳಕ್ಕೆ ಬಿದ್ದ ಗೋಲು

"ಮುಹೂರ್ತ ಆಗ್ತಿದೆ, ನೀನಿಲ್ಲಿ ಬಾಲ್ ಆಡ್ತಿದ್ದೀಯಾ? ಬಾರೋ ಒಳಗೆ!" ಎಂದು ಬೈಯುತ್ತಾ ಮೈದಾನಕ್ಕೆ ಬಂದ ಅಕ್ಕನ ಮುಷ್ಟಿಯಲ್ಲಿ ಅಕ್ಷತೆಯಿತ್ತು. ಜಯನಗರದ ಕಲ್ಯಾಣ ಮಂಟಪದಲ್ಲಿ ಚಿಕ್ಕಪ್ಪನ ಮಗಳ ಮದುವೆ. ಪಕ್ಕದ ಮೈದಾನದಲ್ಲಿ ನನ್ನ ಭಾನುವಾರದ ಗೆಳೆಯರು ಕಂಡದ್ದೇ ತಡ, ಪಂಚೆ ಎತ್ತಿಕಟ್ಟಿ ಫುಟ್‌ಬಾಲಿಗೆ ಇಳಿದುಬಿಟ್ಟಿದ್ದೆ.

ಅಷ್ಟರಲ್ಲಿ ಚೆಂಡು ಉರುಳಿ ಅಕ್ಕನ ಕಾಲ ಬಳಿ ನಿಂತಿತು. ಕಾಲೇಜು ತಂಡದಲ್ಲಿ ಆಡುತ್ತಿದ್ದವಳು ಮದುವೆಯಾದ ಮೇಲೆ ಚೆಂಡು ಮುಟ್ಟಿರಲಿಲ್ಲ. ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಆಮೇಲೆ ಚಪ್ಪಲಿ ಬಿಟ್ಟು, ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು ಒದ್ದೇಬಿಟ್ಟಳು. ಚೆಂಡು ಗೋಲಿನ ಮೂಲೆಗೆ ನುಗ್ಗಿತು. ಅದೇ ಹೊತ್ತಿಗೆ ಒಳಗೆ ಗಟ್ಟಿಮೇಳ ಮೊಳಗಿತು. ತಾಳಿ ಕಟ್ಟಿಯಾಯಿತು, ನಾವಿಬ್ಬರೂ ಹೊರಗೇ ಉಳಿದೆವು.

ಅಕ್ಕ ನಗುತ್ತಾ ಅಕ್ಷತೆಯನ್ನು ನನ್ನ ತಲೆಗೇ ಹಾಕಿದಳು. "ನಂಗೂ ಭಾನುವಾರ ಅಂದ್ರೆ ಇದೇ ಆಗಿತ್ತು ಕಣೋ" ಎಂದಳು. ಕಣ್ಣು ಮಾತ್ರ ಗೋಲಿನ ಕಡೆಗೇ ಇತ್ತು.

ಈಗ ಪ್ರತಿ ಶನಿವಾರ "ನಾಳೆ ಆಡೋಕೆ ಬರ್ತೀಯಾ?" ಎಂದು ಕೇಳುತ್ತೇನೆ. "ಮುಂದಿನ ವಾರ ನೋಡೋಣ" ಎನ್ನುತ್ತಾಳೆ. ಆಟದ ನಡುವೆ ಆ ಮಂಟಪದಿಂದ ವಾಲಗ ಕೇಳಿದರೆ ಸಾಕು, ನನ್ನ ಕಣ್ಣು ಚೆಂಡು ಬಿಟ್ಟು ಮೈದಾನದ ಗೇಟಿನತ್ತ ಹೋಗುತ್ತದೆ.