ದೊಡ್ಡಪ್ಪನ ಬಲಗಡೆ

ನಾರಾಯಣಗೂಡದ ನಮ್ಮ ಕನ್ನಡ ಮಂದಿಯಲ್ಲಿ ಯಾರ ಮನೆಯ ಮಕ್ಕಳು ಕಾಲೇಜಿಗೆ ಹೊರಟರೂ ಮೊದಲು ಗುರುರಾಜರಾಯರ ಮನೆಗೆ ಹೋಗಬೇಕಿತ್ತು. ಯಾರು ಯಾವ ವಿಷಯ ಓದಬೇಕೆಂದು ಹೇಳುವ ಅಧಿಕಾರವನ್ನು ಆ ಪುಣ್ಯಾತ್ಮನಿಗೆ ಯಾರು ಕೊಟ್ಟರೋ ಕಾಣೆ. ಇಂಟರಿನ ಗಣಿತದಲ್ಲಿ ಮತ್ತೆ ಮತ್ತೆ ಡುಮ್ಕಿ ಹೊಡೆದು, ಮಾವನ ವಶೀಲಿಯಿಂದ ಸರಕಾರಿ ಆಫೀಸು ಸೇರಿ, ಕುರ್ಚಿ ಸವೆಸಿ ಹೆಡ್ ಕ್ಲರ್ಕ್ ಆದ ಆಸಾಮಿ. ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ. ಇವರಿಗೆ ಬಾರದ ಗಣಿತ ಲೋಕದ ಹೆಣ್ಣುಮಕ್ಕಳಿಗೆಲ್ಲ ಬೇಡವಾಗಿತ್ತು.

ಅದನ್ನು ತಾವೇ ಹೇಳಿದರೆ ಕೆಟ್ಟವರಾಗುತ್ತಾರಲ್ಲ, ಅದಕ್ಕೆ ದೇವರನ್ನು ಮುಂದೆ ಮಾಡುತ್ತಿದ್ದರು. ದೇವರಮನೆಯ ಪ್ರಾಣದೇವರ ವಿಗ್ರಹದ ಎರಡೂ ಹೆಗಲಿಗೆ ಒಂದೊಂದು ಒದ್ದೆ ಹೂ ಅಂಟಿಸಿ, ಎದುರು ಕೂತು ಪ್ರಸಾದ ಕೇಳುವುದು. ತಮ್ಮ ಬಲಗಡೆಯ ಹೂ ಮೊದಲು ಬಿದ್ದರೆ ಹೂಂ, ಎಡಗಡೆಯದಾದರೆ ಬೇಡ. ಪಕ್ಕದ ಮನೆಯ ಗಂಗೂಬಾಯಿಯ ಮಗಳು ಸಾವಿತ್ರಿ ಗಣಿತದಲ್ಲಿ ಶಾಲೆಗೇ ಮೊದಲು ಬಂದವಳು. ಎಡಗಡೆ ಬಿತ್ತು, ಅವಳ ಓದು ಅಲ್ಲಿಗೇ ಮುಗಿಯಿತು. ಈಗ ಸುಲ್ತಾನ್ ಬಜಾರಿನ ಅಂಗಡಿಗಳಿಂದ ಸೀರೆ ತಂದು ಫಾಲ್ ಹಚ್ಚುತ್ತಾಳೆ. ಸ್ವಂತ ಮಗ ಪ್ರಹ್ಲಾದನಿಗೂ ಎಡಕ್ಕೇ ಬಿದ್ದಿತ್ತು. ಆಗ ಮಾತ್ರ "ದೇವರಿಗೆ ಪ್ರಶ್ನಿ ತಿಳೀಲಿಲ್ಲ" ಎಂದು ಬಲಕ್ಕೆ ಬೀಳುವ ತನಕ ಕೇಳಿದ್ದರು. ಮನೆಯವರಿಗೆ ಒಂದು ಕಾಯಿದೆ, ಊರವರಿಗೆ ಇನ್ನೊಂದು!

ಈ ಸಲ ತಮ್ಮನ ಮಗಳು ಮಂದಾಕಿನಿಯ ಸರದಿ. ಅವಳಿಗೆ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡುವ ಹಟ. ಅದಕ್ಕೆ ಬಿ.ಎಸ್ಸಿ.ಯಲ್ಲಿ ಗಣಿತ ಇರಲೇಬೇಕು, ಬಿಟ್ಟರೆ ಮುಂದಿನ ಬಾಗಿಲೇ ಮುಚ್ಚಿತು. ದೊಡ್ಡಪ್ಪನದು ಒಂದೇ ರಾಗ: "ಹೋಮ್ ಸೈನ್ಸ್ ತಗೋಳವ್ವಾ, ನಾಳೆ ಗಂಡನ ಮನ್ಯಾಗ ಉಪಯೋಗ ಆಗ್ತದ." ಅಪ್ಪ ಹನುಮಂತರಾಯ ಬಾಲಾನಗರದ ಕಾರ್ಖಾನೆಯಲ್ಲಿ ಇಂಜಿನಿಯರ್. ಅಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಕೆಲಸಗಾರರ ಮೇಲೆ ಹಾರಾಡುವವನು, ಇಲ್ಲಿ "ಅಣ್ಣ ಹೇಳಿದ್ರ ಆತು" ಎಂದು ನೆಲ ನೋಡಿದ. ಮಂದಾಕಿನಿಗೆ ಇಬ್ಬರಲ್ಲಿ ಯಾರ ಮೇಲೆ ಹೆಚ್ಚು ಹೇಸಿಗೆ ಎಂದು ಹೇಳುವುದು ಕಷ್ಟ.

ಆಷಾಢದ ಏಕಾದಶಿಯ ಮರುದಿನ ಗಣಿತಕ್ಕೆ ಪ್ರಸಾದ ಕೇಳುವುದೆಂದಾಯಿತು. ಹಿಂದಿನ ದಿನವೆಲ್ಲ ನಿರಾಹಾರ ಮಾಡಿದ ದೊಡ್ಡಪ್ಪ ದ್ವಾದಶಿಯ ಬೆಳಿಗ್ಗೆ ಹೊಟ್ಟೆ ಹಿಡಿದುಕೊಂಡೇ ಎದ್ದಿದ್ದರು. ಉಪವಾಸ ಬಿಡುವ ಪಾರಣೆಯ ಊಟಕ್ಕೆ ಗಂಗೂಬಾಯಿಯೂ ಬಂದಿದ್ದಳು. ಒಳಗೆ ಹೆಸರುಬೇಳೆ ಪಾಯಸ ಘಮ್ಮೆನ್ನುತ್ತಿತ್ತು. ಆದರೆ ದೇವರ ಮಾತು ಮುಗಿಯದೆ ನೈವೇದ್ಯವಿಲ್ಲ, ನೈವೇದ್ಯವಾಗದೆ ಊಟವಿಲ್ಲ.

ಹೂ ಎಡಗಡೆ ಬಿತ್ತು.

"ಫೈಸಲಾ ಆತು!" ದೊಡ್ಡಪ್ಪ ಮೇಲೇಳಲು ಮೊಣಕಾಲಿಗೆ ಕೈ ಊರಿದರು.

"ಕೂಡ್ರಿ ದೊಡ್ಡಪ್ಪಾ," ಮಂದಾಕಿನಿ ಹೂವನ್ನು ನೀರಿನಲ್ಲಿ ಅದ್ದಿ ಮತ್ತೆ ಹೆಗಲಿಗೆ ಅಂಟಿಸಿದಳು. "ಪ್ರಹ್ಲಾದಣ್ಣಗ ಬಲಕ್ಕ ಬೀಳೂತನಕ ಕೇಳಿದ್ರಿ. ನನಗೂ ಹಂಗ ಕೇಳ್ರಿ."

ಎಲ್ಲರೂ ನೋಡುತ್ತಿದ್ದರು. ಇಲ್ಲ ಎನ್ನುವ ಮುಖ ಎಲ್ಲಿತ್ತು ಅವರಿಗೆ? ಕೂತರು. ಈ ಸಲ ಹೂಗಳು ಅಂಟಿದ್ದು ಅಂಟಿಯೇ ಇದ್ದವು. ಪಾರಣೆಯ ಹೊತ್ತು ಮೀರುತ್ತ ಬಂತು. ದೊಡ್ಡಪ್ಪ ಪಂಚಾಂಗ ನೋಡಿದರು, ಅಡುಗೆಮನೆ ನೋಡಿದರು, ಕೊನೆಗೆ ನಾಚಿಕೆ ಬಿಟ್ಟು ಅಂದರು: "ಯಾರರೆ ಸ್ವಲ್ಪ ಫ್ಯಾನ್ ಹಚ್ಚ್ರಿ!"

ಫ್ಯಾನ್ ತಿರುಗಿತು. ಹೂ ಬಿತ್ತು, ಮತ್ತೆ ಎಡಕ್ಕೆ.

"ಇದು ಫ್ಯಾನ್ ಹೇಳಿದ್ದು, ದೇವರಲ್ಲ," ಎಂದು ಮಂದಾಕಿನಿ ಹೂವಿಗೆ ಕೈ ಚಾಚಿದಳು. ಸಂಜೆಯಾದರೂ ಸರಿ, ಈ ಹೊಟ್ಟೆಬಾಕನನ್ನು ಏಳಗೊಡುವುದಿಲ್ಲವೆಂದು ಅವಳು ನಿಶ್ಚಯಿಸಿಬಿಟ್ಟಿದ್ದಳು.

ದೊಡ್ಡಪ್ಪ ಅವಳ ಕೈ ಹಿಡಿದುಕೊಂಡರು. "ತಡಿಯವ್ವಾ, ತಡಿ! ಅಲ್ಲಾ, ದೇವರು ನಮಗ ಎದುರಾಗಿ ಕೂತಾನಲ್ಲ? ನಮ್ಮ ಎಡಾ ಅಂದ್ರ ಅವನ ಬಲಾ! ಬಲಾ ನೋಡೋದು ದೇವರದು, ನಂದಲ್ಲ. ತಗೋ, ಗಣಿತಾನ ತಗೋ. ಎಲಿ ಹಾಕ್ರಿ!"

ಹನುಮಂತರಾಯ "ಅಣ್ಣ ಹೇಳಿದ್ದು ಬರೋಬರಿ ಅದ" ಎಂದ. ಹೇಳದೆ ಇರುತ್ತಾನೆಯೇ? ಮಂದಾಕಿನಿಗೆ ನಗು ತಡೆಯಲಾಗಲಿಲ್ಲ. ಗೆದ್ದೆ ಎಂದುಕೊಂಡಳು. ನೈವೇದ್ಯ ಗಡಿಬಿಡಿಯಲ್ಲಿ ಮುಗಿಯಿತು, ಎಲ್ಲರೂ ಎಲೆಯ ಮುಂದೆ ಕೂತರು.

ಗಂಗೂಬಾಯಿ ಮಾತ್ರ ದೇವರಮನೆಯ ಹೊಸ್ತಿಲ ಹತ್ತಿರ ನಿಂತೇ ಇದ್ದಳು. ಪ್ರಾಣದೇವರನ್ನೊಮ್ಮೆ ನೋಡಿದಳು, ತನ್ನ ಎರಡೂ ಕೈ ನೋಡಿಕೊಂಡಳು.

"ರಾಯರ," ಎಂದಳು, "ನಮ್ಮ ಸಾವಿತ್ರಿದೂ ಈ ಕಡೇನ ಬಿದ್ದಿತ್ತಲ್ರೀ?"

ಮಂದಾಕಿನಿಯ ನಗು ಬಾಯಲ್ಲೇ ನಿಂತಿತು. ದೊಡ್ಡಪ್ಪ "ಹೊತ್ತು ಮೀರ್ತದ," ಎಂದು ಪಾಯಸಕ್ಕೆ ಕೈ ಹಾಕಿದರು.